ವಿಯೆನ್ನಾಕ್ಕೆ ಕಿರು ಪ್ರವಾಸ: ವಾರ ನೋಡಿ ಹೊರಡಿ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ಮೂರು-ನಾಲ್ಕು ದಿನಗಳಲ್ಲಿ ನೋಡಿಬರಬೇಕೆಂದಿರುವವರು, ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುವ ಮೊದಲು ಕ್ಯಾಲೆಂಡರ್ ತೆಗೆದು ಅಲ್ಲಿ ಯಾವ ಯಾವ ವಾರ ಇರುತ್ತೀರಿ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಭಾನುವಾರ ಆ ಊರಿನ ಅಂಗಡಿಗಳೂ ಸೂಪರ್‌ಮಾರ್ಕೆಟ್‌ಗಳೂ ಬಹುಮಟ್ಟಿಗೆ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಮಳಿಗೆಗಳಲ್ಲಷ್ಟೇ ಹಾಲು-ಬ್ರೆಡ್ಡು ಸಿಗುತ್ತದೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಸಂಗೀತ ನಾಟಕಗಳ ರಂಗಮಂದಿರವಾದ ಸ್ಟೇಟ್ ಒಪೇರಾದಲ್ಲಿ ಪ್ರದರ್ಶನಗಳಿರುವುದಿಲ್ಲ. ನಾವು ಮೇ ತಿಂಗಳಿನಲ್ಲಿ ಗುರುವಾರ ಇಳಿದು ಭಾನುವಾರ ರಾತ್ರಿ ಹೊರಡುವಂತೆ ಟಿಕೆಟ್ ಮಾಡಿಸಿದ್ದೆವು. ಹೋಗುವವರಿಗೆಲ್ಲ ಈಗಲೂ ಅದೇ ಏರ್ಪಾಡನ್ನು ಸೂಚಿಸುತ್ತೇನೆ.

ಆಸ್ಟ್ರಿಯಾ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ವಯಸ್ಕರಿಗೆ ಶುಲ್ಕ 90 ಯೂರೋ. ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಒಂದಕ್ಕಿಂತ ಹೆಚ್ಚು ದೇಶಗಳಿಗೆ ಹೋಗುವವರು ಹೆಚ್ಚು ದಿನ ತಂಗುವ ದೇಶದ ಮೂಲಕವೇ ಅರ್ಜಿ ಸಲ್ಲಿಸಬೇಕು. ನಮ್ಮ ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವಾಗುವುದರಿಂದ ಫೆಬ್ರವರಿಯಲ್ಲಿಯೇ ಕಾಗದಪತ್ರಗಳನ್ನು ಹೊಂದಿಸಿಕೊಳ್ಳುವುದು ಲೇಸು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುವವರಿಗೆ ವಲಸೆ ತಪಾಸಣೆ ನಡೆಯುವುದು ವಿಯೆನ್ನಾದಲ್ಲಲ್ಲ, ಆ ಮೊದಲ ನಿಲ್ದಾಣದಲ್ಲಿ. ಆದ್ದರಿಂದ ಎರಡು ವಿಮಾನಗಳ ನಡುವೆ ಎರಡೂವರೆ-ಮೂರು ಗಂಟೆಯಾದರೂ ಇರುವ ಟಿಕೆಟ್ಟನ್ನೇ ಆರಿಸಿಕೊಳ್ಳಿ.

ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಹಸಿರು ಬಣ್ಣದ ಕ್ಯಾಟ್ ರೈಲಿನ ಜಾಹೀರಾತುಗಳೇ ಎದುರಾಗುತ್ತವೆ. ಅದು 16 ನಿಮಿಷದಲ್ಲಿ ನಡುಊರಿನ ವೀನ್ ಮಿಟ್ಟೆ ನಿಲ್ದಾಣಕ್ಕೆ ತಲುಪಿಸುತ್ತದೆ, ನಿಜ. ಆದರೆ ಎಸ್7 ಎಂಬ ಸಾಮಾನ್ಯ ಲೋಕಲ್ ರೈಲು ಅದೇ ನಿಲ್ದಾಣಕ್ಕೆ ಸುಮಾರು 25 ನಿಮಿಷದಲ್ಲಿ, ಬಹಳ ಕಡಿಮೆ ದರದಲ್ಲಿ ಕರೆದೊಯ್ಯುವಾಗ, ಆ ಕೆಲವು ನಿಮಿಷಗಳಿಗಾಗಿ ಹಣ ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ವಿಮಾನ ನಿಲ್ದಾಣವು ನಗರ ವಲಯದ ಹೊರಗಿರುವುದರಿಂದ ನಗರದ ದಿನದ ಟಿಕೆಟ್ ಅಲ್ಲಿಗೆ ಸಾಲದು, ಆ ಹೊರಭಾಗಕ್ಕೆ ಬೇರೆ ಟಿಕೆಟ್ ಬೇಕು. ಮೆಟ್ರೊ ನಿಲ್ದಾಣಗಳಲ್ಲಿ ನಮ್ಮ ಮೆಟ್ರೊದಲ್ಲಿರುವಂತಹ ಗೇಟುಗಳಿಲ್ಲ. ಹಾಗೆಂದು ಯಾರೂ ನೋಡುವುದಿಲ್ಲವೆಂದಲ್ಲ. ಸಾಮಾನ್ಯ ಉಡುಪಿನಲ್ಲಿಯೇ ತಪಾಸಣೆಗೆ ಬರುವವರಿದ್ದಾರೆ, ದಂಡವೂ ಭಾರಿಯಾಗಿದೆ. ಕಾಗದದ ಟಿಕೆಟ್ಟಿನಲ್ಲಿ ದಿನಾಂಕ ಮುದ್ರಿತವಾಗಿಲ್ಲದಿದ್ದರೆ, ಒಳಗೆ ಹೋಗುವ ದಾರಿಯಲ್ಲಿರುವ ನೀಲಿ ಪೆಟ್ಟಿಗೆಯಲ್ಲಿ ಅದನ್ನು ತೂರಿಸಿ ಮುದ್ರೆ ಒತ್ತಿಸಿಕೊಂಡೇ ಮುಂದೆ ಹೋಗಬೇಕು. ವಸತಿಯನ್ನು ಹಳೆಯ ನಗರದೊಳಗೇ ಹುಡುಕಬೇಕಾಗಿಲ್ಲ. ಮೆಟ್ರೊದ ಯು1, ಯು3 ಅಥವಾ ಯು4 ಮಾರ್ಗದ ಯಾವುದೇ ನಿಲ್ದಾಣದ ಬಳಿ ಕೊಠಡಿ ಹಿಡಿದರೆ ನಡುಊರು ಹತ್ತಿರವೇ ಆಗುತ್ತದೆ.

ಗುರುವಾರ ಇಳಿಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಕುನ್ಸ್ಟ್‌ಹಿಸ್ಟೋರಿಷಸ್ ಎಂಬ ಕಲಾ ವಸ್ತುಸಂಗ್ರಹಾಲಯ. ಆ ದಿನ ಅದು ರಾತ್ರಿ 9ರವರೆಗೆ ತೆರೆದಿರುತ್ತದೆಯಾದ್ದರಿಂದ, ಮಧ್ಯಾಹ್ನ ಸ್ವಲ್ಪ ವಿಶ್ರಮಿಸಿ ಸಂಜೆ ಹೋದರೂ ಸಮಯ ಸಾಕಾಗುತ್ತದೆ. (ಸೋಮವಾರದ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದುಂಟು, ಮೊದಲೇ ನೋಡಿಕೊಳ್ಳಿ.) ಕಾಲು ಸೋತಿದ್ದರೆ ಉಳಿದೆಲ್ಲವನ್ನೂ ಬಿಟ್ಟು ಬ್ರೂಗೆಲ್‌ನ ಚಿತ್ರಗಳಿರುವ ಕೊಠಡಿಯೊಂದನ್ನೇ ನೋಡಿದರೂ ಟಿಕೆಟ್ಟಿನ ಹಣ ಸಂದಂತೆ. ಈ ಚಿತ್ರಕಾರನ ಕೃತಿಗಳು ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ಬೇರೆಲ್ಲೂ ಒಟ್ಟಿಗೆ ಇಲ್ಲ. 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ ಜನ ಸೇರಿರುತ್ತಾರೆ. ಆದರೆ ಎಂಟು ಗಂಟೆಯ ನಂತರ ಗುಂಪು ಕರಗಿ, ಬೇಟೆಗಾರರ ಹಿಂದೆ ತಲೆ ತಗ್ಗಿಸಿ ಬರುವ ಸೊರಗಿದ ನಾಯಿಗಳನ್ನೂ, ಕೆಳಗೆ ಹೆಪ್ಪುಗಟ್ಟಿದ ಕೊಳದ ಮೇಲೆ ಆಡುತ್ತಿರುವ ಪುಟ್ಟ ಪುಟ್ಟ ಜನರನ್ನೂ ಹತ್ತಿರ ನಿಂತು ಒಂದೊಂದಾಗಿ ನೋಡಲು ಸಾಧ್ಯವಾಯಿತು. ಕ್ಲಿಮ್ಟ್‌ನ 'ಚುಂಬನ' ಇರುವುದು ಇಲ್ಲಲ್ಲ, ಮೇಲಿನ ಬೆಲ್ವೆಡೇರ್ ಅರಮನೆಯಲ್ಲಿ. ಅದಕ್ಕೆ ಬೇರೆ ದಿನವೇ ಬೇಕು.

ಶುಕ್ರವಾರ ನಡುಊರನ್ನು ಕಾಲ್ನಡಿಗೆಯಲ್ಲಿ ನೋಡಬಹುದು. ಸೇಂಟ್ ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲುಗಳಿದ್ದು ಅಲ್ಲಿ ಲಿಫ್ಟ್ ಇಲ್ಲ. ಹಿರಿಯರು ಜೊತೆಗಿದ್ದರೆ ಲಿಫ್ಟ್ ಇರುವ ಉತ್ತರ ಗೋಪುರಕ್ಕೆ ಹೋಗಿ. ಆ ಸಂಜೆಯನ್ನು ಒಪೇರಾಕ್ಕೆ ಇಡಬೇಕು. 1869ರಲ್ಲಿ ಆರಂಭವಾದ ಈ ರಂಗಮಂದಿರದಲ್ಲಿ ಒಳ್ಳೆಯ ಆಸನಗಳು ದುಬಾರಿ; ಆದರೆ ನಿಂತು ನೋಡುವವರಿಗಾಗಿ ಪ್ರದರ್ಶನದ ದಿನವೇ ಮಾರುವ ಟಿಕೆಟ್ಟುಗಳು ಒಂದು ಸಾಧಾರಣ ಊಟದ ಹಣಕ್ಕೇ ಸಿಗುತ್ತವೆ. ಒಳಗೆ ಹೋದ ಕೂಡಲೇ ಎಲ್ಲರೂ ತಮ್ಮ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಅಡ್ಡಾಡಲು ಹೋಗುತ್ತಾರೆ. ನಮ್ಮಲ್ಲಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆಯೇ ಅದು. ಆ ಜಾಗವನ್ನು ಬೇರೆಯವರು ಮುಟ್ಟುವುದಿಲ್ಲ. ಆದ್ದರಿಂದ ಚಳಿಯಿಲ್ಲದಿದ್ದರೂ ಒಂದು ಸ್ಕಾರ್ಫ್ ಅಥವಾ ಶಲ್ಯ ಕೈಯಲ್ಲಿರಲಿ. ಕಂಬಿಯ ಮೇಲಿನ ಪುಟ್ಟ ಪರದೆಯಲ್ಲಿ ಹಾಡಿನ ಇಂಗ್ಲಿಷ್ ಅನುವಾದವೂ ಬರುತ್ತದೆ. ಪೂರ್ತಿ ನಿಲ್ಲಲಾರದವರು ಮಧ್ಯಂತರದಲ್ಲಿ ಹೊರಟರೂ ನಷ್ಟವೇನಿಲ್ಲ.

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ತರಕಾರಿಯಂತೆ ಕಾಣುವ ಸೂಪಿಗೂ ಅಲ್ಲಿ ದನದ ಮಾಂಸದ ಸಾರನ್ನೇ ಆಧಾರವಾಗಿ ಬಳಸುವುದು ವಾಡಿಕೆ. ಚೀಸ್ ಬೆರೆಸಿದ ಕೇಸೆಷ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿಯೂ ಕೈಸರ್‌ಷ್ಮಾರನ್ ಸಿಹಿಯಲ್ಲಿಯೂ ಮೊಟ್ಟೆ ಇರುತ್ತದೆ. ಶನಿವಾರ ಬೆಳಿಗ್ಗೆ ನಾಶ್‌ಮಾರ್ಕ್ಟ್ ಸಂತೆಗೆ ಹೋದರೆ ಫಲಾಫೆಲ್, ಹಣ್ಣು, ಆಲಿವ್ ಎಲ್ಲವೂ ಸಿಗುತ್ತವೆ, ಪಕ್ಕದಲ್ಲಿಯೇ ಹಳೆಯ ಸಾಮಾನುಗಳ ಸಂತೆಯೂ ಆ ದಿನ ಮಾತ್ರ ನಡೆಯುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಪರ್ವತದ ಬುಗ್ಗೆಗಳ ನೀರು, 1873ರಿಂದಲೂ ಕೊಳವೆ ಮಾರ್ಗದಲ್ಲಿ ಊರಿಗೆ ಹರಿದುಬರುತ್ತಿದೆ. ಕಾಫಿ ಮನೆಗಳಲ್ಲಿಯೂ ಕಾಫಿಯ ಜೊತೆ ಪುಟ್ಟ ಲೋಹದ ತಟ್ಟೆಯಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಬೋರಲಿಟ್ಟ ಚಮಚ ಬರುತ್ತದೆ. ಮೆಲಾಂಜ್ ಎಂಬ ಹಾಲು ಬೆರೆಸಿದ ಕಾಫಿಯೊಂದನ್ನು ತರಿಸಿಕೊಂಡು ಎರಡು ಗಂಟೆ ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಬಿಲ್ಲನ್ನು ಮಾತ್ರ ನೀವೇ ಕೇಳಬೇಕು, ಕೇಳದೆ ತರುವ ಪದ್ಧತಿ ಇಲ್ಲ. ಕಾರ್ಡ್ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರೋ ಯೂರೋದಲ್ಲಿ ಕೊಡುತ್ತೀರೋ ಎಂದು ಕೇಳಿದಾಗ ಯೂರೋವನ್ನೇ ಒತ್ತಿ. ರೂಪಾಯಿ ಎಂದರೆ ವಿನಿಮಯ ದರದಲ್ಲಿ ಕೈಗೆ ಹೊಡೆತ ಬೀಳುತ್ತದೆ.

ಭಾನುವಾರಕ್ಕೆ ಷೋನ್‌ಬ್ರೂನ್ ಅರಮನೆ ಹೇಳಿಮಾಡಿಸಿದಂತಿದೆ. 1,441 ಕೋಣೆಗಳ ಈ ಅರಮನೆಯಲ್ಲಿ ಸಂದರ್ಶಕರಿಗೆ ತೆರೆದಿರುವುದು ಒಂದು ಪಾಲು ಮಾತ್ರ, ಅದಕ್ಕೂ ನಿಗದಿತ ವೇಳೆಯ ಟಿಕೆಟ್ಟನ್ನು ಮನೆಯಿಂದಲೇ ಕಾಯ್ದಿರಿಸಬೇಕು. ವಿಶಾಲವಾದ ಉದ್ಯಾನಕ್ಕೆ ಮಾತ್ರ ಶುಲ್ಕವಿಲ್ಲ. ಗ್ಲೋರಿಯೆಟ್ ಎಂಬ ಕಮಾನು ಮಂಟಪ ಇರುವ ಗುಡ್ಡದವರೆಗೆ ಬೆಳಿಗ್ಗೆಯೇ ಹತ್ತಿದರೆ ಇಡೀ ಊರು ಕಾಣುತ್ತದೆ.

ಒಂದು ಗಂಟೆಯ ರೈಲಿನಲ್ಲಿ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ಇದೆಯಲ್ಲ, ಅದನ್ನೂ ಸೇರಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಇಷ್ಟು ಕಡಿಮೆ ದಿನಗಳಲ್ಲಿ ನಾನಂತೂ ಅದನ್ನು ಸಲಹೆ ಮಾಡಲಾರೆ. ಅರ್ಧ ದಿನ ಉಳಿದರೆ 71ನೇ ಸಂಖ್ಯೆಯ ಟ್ರಾಮ್ ಹತ್ತಿ ಸಂಗೀತಕಾರರಾದ ಬೇಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳಿರುವ ಕೇಂದ್ರ ಸ್ಮಶಾನಕ್ಕೆ ಹೋಗಿಬನ್ನಿ. ಇಳಿಯಬೇಕಾದದ್ದು ಎರಡನೆಯ ದ್ವಾರದಲ್ಲಿ. ಮೊದಲನೆಯದರಲ್ಲಿಯೇ ಇಳಿದುಬಿಟ್ಟರೆ ಗೋಡೆಯ ಉದ್ದಕ್ಕೂ ಸುಮ್ಮನೆ ನಡೆಯಬೇಕಾಗುತ್ತದೆ.