ಊಟದ ಹೊತ್ತು ಬದಲಿಸಿದ ಮೇಲೆ ಬಂದವರು

ಕಳೆದ ಡಿಸೆಂಬರಿನಲ್ಲಿ ಕಾರವಾರದಲ್ಲಿ ನಮ್ಮ 1990ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸೇರಿ ಊಟ ಮಾಡಿದೆವು. ಫೋಟೋ ನೋಡಿದವರು "ನಮ್ಮ ಬ್ಯಾಚಿಂದೂ ಮಾಡ್ಬೇಕು, ಹೇಗೆ ಶುರು ಮಾಡೋದು" ಅಂತ ಕೇಳುತ್ತಿದ್ದಾರೆ. ಹಾಲ್ ಹಿಡಿಯೋದು, ಅಡುಗೆಯವರಿಗೆ ಹೇಳೋದು ಎಲ್ಲರಿಗೂ ಗೊತ್ತಿರುವ ಕೆಲಸ. ನಾನು ಹೇಳೋದು ಒಂದೇ. ಸುಲಭಕ್ಕೆ ಸಿಕ್ಕವರನ್ನಷ್ಟೇ ಕರೆದು ಕೂರಿಸಿದರೆ ಅದು ಬ್ಯಾಚಿನ ಊಟ ಆಗೋದಿಲ್ಲ.

ಹುಡುಗರು ಬೇಗ ಸಿಕ್ಕರು. ಒಬ್ಬ ವಾಟ್ಸಾಪ್ ಗ್ರೂಪ್ ಮಾಡಿದ, ಅವನು ಇನ್ನೊಬ್ಬನನ್ನು ಸೇರಿಸಿದ, ಗೋವಾ, ಮುಂಬೈ, ದುಬೈ ಅಂತ ನೋಡನೋಡುತ್ತಾ ಗ್ರೂಪ್ ತುಂಬಿತು. ಆದರೆ ಹುಡುಗಿಯರು ಬೆರಳೆಣಿಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾದ ಮೇಲೆ ಅಡ್ಡಹೆಸರು ಮಾತ್ರ ಅಲ್ಲ, ಹೆಸರೇ ಬದಲಾಗುತ್ತದೆ. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಮ್ಮ ಕ್ಲಾಸಿನಲ್ಲಿ ಕಾರವಾರದ ಹತ್ತಿರದ ಅರಗಾ ಹಳ್ಳಿಯ ಕಡೆಯಿಂದ ಬರುವವರು ಜಾಸ್ತಿ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದಾಗ ನಾವು ಏಳನೇ ಕ್ಲಾಸು. "ಊರು ಏಳ್ತದಂತೆ, ಮನೆ ಬಿಡಬೇಕಂತೆ" ಅನ್ನೋ ಮಾತು ಕೇಳುತ್ತಲೇ ನಾವು ಹೈಸ್ಕೂಲು ಮುಗಿಸಿದೆವು. ಜನ ನಿಜವಾಗಿ ಮನೆ ಬಿಟ್ಟಿದ್ದು ಬಹಳ ತಡವಾಗಿ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ. ಕಾರವಾರ, ಅಂಕೋಲಾ ತಾಲೂಕಿನ 13 ಹಳ್ಳಿ, 4 ಸಾವಿರಕ್ಕೂ ಜಾಸ್ತಿ ಕುಟುಂಬ. ಕೆಲವರು ತೋಡೂರು, ಮುದಗಾ, ಹಾರವಾಡದ ಪುನರ್ವಸತಿ ಕಾಲನಿಗೆ ಹೋದರು, ಕೆಲವರು ಕಾರವಾರ ಪೇಟೆಗೆ, ಇನ್ನು ಕೆಲವರು ನೆಂಟರಿದ್ದ ಕಡೆ. 2005ರಲ್ಲಿ ಅವರು ಬಿಟ್ಟುಹೋದ ಅರಗಾದಲ್ಲಿ ಐಎನ್ಎಸ್ ಕದಂಬ ಅನ್ನೋ ಹೆಸರಿನಲ್ಲಿ ನೌಕಾನೆಲೆ ಶುರುವಾಯಿತು. ಅಷ್ಟರೊಳಗೆ ನಮ್ಮ ಜೊತೆಗೆ ಓದಿದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮದುವೆಯಾಗಿ ಮಕ್ಕಳೂ ಆಗಿದ್ದರು.

ಬೇರೆ ಊರಿನಲ್ಲಾದರೆ, ಮದುವೆಯಾಗಿ ಹೋದ ಗೆಳತಿಯನ್ನು ಹುಡುಕಲು ಅವಳ ತವರುಮನೆ ಬಾಗಿಲಲ್ಲಿ ನಿಂತು ಕೇಳಿದರೆ ಸಾಕು. ಅಣ್ಣನೋ ಅತ್ತಿಗೆಯೋ ಫೋನ್ ನಂಬರ್ ಕೊಡುತ್ತಾರೆ. ಇವರಿಗೆ ಆ ಬಾಗಿಲೇ ಇಲ್ಲ. ಶಾಲೆಯ ಹಳೇ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಊರು ಅರಗಾ ಅಂತ ನೀಲಿ ಶಾಯಿಯಲ್ಲಿ ಚೊಕ್ಕವಾಗಿ ಬರೆದಿದೆ, ಆದರೆ ಆ ಊರಿಗೆ ಹೋಗಿ ಯಾರನ್ನು ಕೇಳೋದು?

ಹಾಗಾಗಿ ನಾವು ಮೂವರು ಕಾಲಿಗೆ ಕೆಲಸ ಕೊಟ್ಟೆವು. ತೋಡೂರು ಕಾಲನಿಯ ರೇಷನ್ ಅಂಗಡಿಯಲ್ಲಿ ಕೇಳಿದೆವು. ಕೂರ್ಮಗಡ ದ್ವೀಪದ ಜಾತ್ರೆಗೆ ಬೈತಖೋಲ ಬಂದರಿನಿಂದ ದೋಣಿ ಹತ್ತುವವರ ಸಾಲಿನಲ್ಲಿ ಬಾಳೆಗೊನೆ ಹಿಡಿದು ನಿಂತವರ ಹತ್ತಿರ ಕೇಳಿದೆವು. ಜಾಸ್ತಿ ಉಪಯೋಗ ಆಗಿದ್ದು ಮೀನು ಪೇಟೆಯಲ್ಲಿ. ಅಲ್ಲಿ ಬುಟ್ಟಿ ಇಟ್ಟು ಕೂತ ಹೆಂಗಸರಿಗೆ ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಅವಳ ಅತ್ತೆ ಯಾರು, ಈಗ ಮನೆ ಎಲ್ಲಿ, ಎಲ್ಲ ಗೊತ್ತು. ತಂದೆಯ ಹೆಸರು ಹೇಳಿದರೆ ಸಾಕು, ಬಂಗಡೆ ಎಣಿಸುತ್ತಾ ಎಣಿಸುತ್ತಾ ಮೂರು ತಲೆಮಾರು ಹೇಳಿಬಿಡುತ್ತಾರೆ.

ಹುಡುಕಿದ ಮೇಲೆ ಬರುವಂತೆ ಮಾಡೋದು ಇನ್ನೊಂದು ಕೆಲಸ. ಹುಡುಗರು ಮೊದಲು ಹಾಕಿದ ಲೆಕ್ಕ ರಾತ್ರಿ ಎಂಟಕ್ಕೆ, ಊರ ಹೊರಗಿನ ರೆಸಾರ್ಟಿನಲ್ಲಿ, ತಲೆಗೆ ಇಷ್ಟು ಅಂತ. ನನಗೆ ಸಿಟ್ಟೇ ಬಂತು. ಅಮದಳ್ಳಿಯಿಂದ, ಹಾರವಾಡದಿಂದ ಒಬ್ಬಳೇ ಹೆಂಗಸು ರಾತ್ರಿ ಎಂಟಕ್ಕೆ ಹೊರಟು ಹನ್ನೊಂದಕ್ಕೆ ಹೇಗೆ ವಾಪಸ್ ಹೋಗಬೇಕು? ಅಂಗನವಾಡಿಯಲ್ಲಿ ಅಡುಗೆ ಮಾಡುವವಳು ಒಂದು ಊಟಕ್ಕೆ ಅಷ್ಟು ದುಡ್ಡು ಎಲ್ಲಿಂದ ತರಬೇಕು? ನೇರವಾಗಿ ಹೇಳಿದೆ. ಹುಡುಗರು ಒಳ್ಳೆಯವರೇ, ಹೊಳೆದಿರಲಿಲ್ಲ ಅಷ್ಟೇ. ಪೇಟೆಯೊಳಗೇ ಹಾಲ್ ಹಿಡಿದರು, ಸಂಜೆ ಐದಕ್ಕೆ ಸೇರಿ ಏಳಕ್ಕೆ ಊಟ ಅಂತ ಮಾಡಿದರು, ಅಂಕೋಲಾ ತನಕ ಬಿಟ್ಟು ಬರಲು ಒಂದು ಟೆಂಪೋ ಹೇಳಿದರು. ದುಡ್ಡು ಯಾರು ಎಷ್ಟು ಕೊಟ್ಟರು ಅನ್ನೋದು ಲೆಕ್ಕ ನೋಡಿಕೊಂಡ ಒಬ್ಬನಿಗೆ ಮಾತ್ರ ಗೊತ್ತು. ಸೋಮವಾರ ಮೀನು ತಿನ್ನದವರಿದ್ದಾರೆ ಅಂತ ಭಾನುವಾರವೇ ಇಟ್ಟುಕೊಂಡೆವು.

ಇಸ್ವಾಣ ಫ್ರೈ, ತಿಸ್ರೆ ಸುಕ್ಕಾ, ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ, ಸೋಲಕಡಿ. ಮೀನು ತಿನ್ನದವರಿಗೆ ಬೇರೆ ಪಂಕ್ತಿ ಬೇಡ ಅಂತ ಎಲ್ಲರನ್ನೂ ಒಟ್ಟಿಗೇ ಕೂರಿಸಿದೆವು, ಶಾಲೆಯಲ್ಲಿ ಡಬ್ಬಿ ಬಿಚ್ಚಿ ಕೂರುತ್ತಿದ್ದ ಹಾಗೆ.

ನಮಗೆ ಕನ್ನಡ ಕಲಿಸಿದ ಅಕ್ಕೋರು ಕೋಡಿಬಾಗದಿಂದ ಆಟೋದಲ್ಲಿ ಬಂದರು. ಕಣ್ಣು ಮಂಜಾಗಿದೆ, ಮುಖ ನೋಡಿದರೆ ಗುರುತು ಸಿಗೋದಿಲ್ಲ. ಎಲ್ಲರೂ ಚೀಟಿಯಲ್ಲಿ ಹೆಸರು ಬರೆದು ಪಿನ್ನು ಹಾಕಿಕೊಂಡಿದ್ದೆವು. ಗೋಡೆ ಬದಿಯ ಕುರ್ಚಿಯಲ್ಲಿ ಸುಮ್ನೆ ಕೂತಿದ್ದವಳ ಹತ್ತಿರ ಹೋಗಿ, ಚೀಟಿಯನ್ನು ಕನ್ನಡಕದ ಹತ್ತಿರ ಎಳೆದು ನೋಡಿದರು. ಅವಳು ಗಂಡನ ಮನೆಯ ಹೆಸರು ಬರೆದುಕೊಂಡಿದ್ದಳು. ಅಕ್ಕೋರು ಆ ಹೆಸರನ್ನು ಓದಲೇ ಇಲ್ಲ. "ತಲೆಕಟ್ಟು ಇನ್ನೂ ಇಷ್ಟುದ್ದ ಎಳೀತೀಯಲ್ಲೇ, ಎಷ್ಟು ಸಲ ಹೇಳಿದ್ದೆ ನಿಂಗೆ" ಅಂದವರೇ ಅವಳ ಹಳೇ ಹೆಸರು ಹಿಡಿದು ಕರೆದರು. ಅವಳು "ಅಕ್ಕೋರೇ" ಅಂತ ಅಲ್ಲೇ ಕಾಲಿಗೆ ಬಿದ್ದು ಅತ್ತುಬಿಟ್ಟಳು. ಅರಗಾ ಬಿಟ್ಟ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲವಂತೆ, ಅಪ್ಪ ಅಮ್ಮ ಹೋದ ಮೇಲಂತೂ ಇಲ್ಲವೇ ಇಲ್ಲ. ಮೀನು ಪೇಟೆಯಲ್ಲಿ ಕೇಳದೇ ಹೋಗಿದ್ದರೆ ಇವಳು ನಮಗೆ ಸಿಗುತ್ತಿರಲಿಲ್ಲ. ಎಂಟು ಗಂಟೆಯ ರೆಸಾರ್ಟಿಗೆ ಕರೆದಿದ್ದರೆ ಬರುತ್ತಲೂ ಇರಲಿಲ್ಲ.

ಮುಂದಿನ ಸಲ ಮೇ ತಿಂಗಳಲ್ಲಿ, ತೋಡೂರಿನಲ್ಲೇ, ಮಧ್ಯಾಹ್ನದ ಊಟ. ಮಕ್ಕಳಿಗೆ ರಜೆ ಇರುತ್ತದೆ, ದೂರ ಕೊಟ್ಟ ಹೆಣ್ಣುಮಕ್ಕಳೂ ಈ ಕಡೆ ಬಂದಿರುತ್ತಾರೆ. ಜೂನ್ 1ಕ್ಕೆ ಮಳೆಗಾಲದ ನಿಷೇಧ ಬಂದು ಮೀನಿನ ಬೋಟುಗಳು ನಿಲ್ಲುತ್ತವೆ, ಅದರೊಳಗೇ ಆಗಬೇಕು. ಇನ್ನೂ ಸಿಗದವರ ಪಟ್ಟಿ ನನ್ನ ಹತ್ತಿರ ಇದೆ, ಎಲ್ಲಾ ಹುಡುಗಿಯರೇ. ನಿಮ್ಮ ಅತ್ತಿಗೆಯೋ ಚಿಕ್ಕಮ್ಮನೋ ಅರಗಾ ಕಡೆಯವರಾಗಿದ್ದು, 1990ರಲ್ಲಿ ಕಾರವಾರದಲ್ಲಿ ಎಸ್ಸೆಸ್ಸೆಲ್ಸಿ ಬರೆದಿದ್ದರೆ, ಮದುವೆಗೆ ಮೊದಲಿನ ಹೆಸರು ಏನು ಅಂತ ಅವರನ್ನು ದಯವಿಟ್ಟು ಕೇಳಿ ನೋಡಿ.