ಫುರ್ಟ್‌ವಾಂಗೆನ್ ಗಡಿಯಾರ ಮ್ಯೂಸಿಯಂ: ಹೋಗುವ ಮುನ್ನ ತಿಳಿದಿರಲಿ

ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿಗೆ ಕೋಗಿಲೆ ಗಡಿಯಾರ ನೋಡಲು ಹೋದವರು ಬಹುತೇಕ ಟ್ರೀಬರ್ಗ್‌ನ ಅಂಗಡಿ ಸಾಲಿನಲ್ಲೇ ದಿನ ಕಳೆದುಬಿಡುತ್ತಾರೆ. ಕಾಲಿಡಲು ಜಾಗವಿಲ್ಲದ ಆ ಬೀದಿಯನ್ನು ಬಿಟ್ಟು ಬಸ್ ಹತ್ತಿ. ನೋಡಬೇಕಾದ ಸಂಗ್ರಹ ಇರುವುದು ಫುರ್ಟ್‌ವಾಂಗೆನ್‌ನಲ್ಲಿ.

ಆ ಊರಿಗೆ ರೈಲಿಲ್ಲ. ಭಾನುವಾರ ಬಸ್ಸುಗಳೂ ವಿರಳ. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಸುತ್ತಮುತ್ತ ರಾತ್ರಿ ತಂಗುವುದಾದರೆ ವಸತಿಯವರ ಹತ್ತಿರ 'ಕೋನುಸ್' ಕಾರ್ಡ್ ಕೇಳಿ ಪಡೆಯಿರಿ. ಯೋಜನೆಗೆ ಸೇರಿದ ಊರುಗಳಲ್ಲಿ ಅದಿದ್ದರೆ ಬಸ್ಸು, ಪ್ರಾದೇಶಿಕ ರೈಲು ಎರಡೂ ಉಚಿತ.

ಒಳಗೆ ಹೋದರೆ ನಾಲ್ಕೂ ಕಡೆ ಕುಕೂ ಕೇಳಿಸುತ್ತದೆ ಎಂದುಕೊಳ್ಳಬೇಡಿ. ಹಳೆಯವು ಹೆಚ್ಚಾಗಿ ನಿಂತೇ ಇರುತ್ತವೆ. ಕೂಗು ಕೇಳಬೇಕಿದ್ದರೆ ಗೈಡ್ ಜೊತೆಗಿನ ಸುತ್ತಿಗೇ ಸೇರಿಕೊಳ್ಳಿ. ನಮ್ಮ ಕೋಗಿಲೆಯಂತೆ ಏರುತ್ತ ಹೋಗುವ ದನಿಯಲ್ಲ ಅದು. ಎರಡು ಪುಟ್ಟ ತಿದಿಗಳು ಎರಡು ಪೀಪಿಗಳಿಗೆ ಗಾಳಿ ಊದಿ, ಮೇಲಿನ ಸ್ವರದಿಂದ ಕೆಳಗಿನದಕ್ಕೆ ಇಳಿಸುತ್ತವೆ.

1852ರಲ್ಲಿ ಈ ಸಂಗ್ರಹ ಶುರು ಮಾಡಿದವರು ಇಲ್ಲಿನ ಗಡಿಯಾರ ಶಾಲೆಯ ಮುಖ್ಯಸ್ಥ ರಾಬರ್ಟ್ ಗೆರ್ವಿಗ್. ನೀವು ಟ್ರೀಬರ್ಗ್‌ಗೆ ಬರುವ ರೈಲು ಮಾರ್ಗದ ಎಂಜಿನಿಯರೂ ಅವರೇ. ಬಣ್ಣ ಬಳಿದ ಫಲಕದ ಹಿಂದೆ ಮರದ ಹಲ್ಲುಚಕ್ರಗಳಿರುವ ಹಳೆಯ ಗಡಿಯಾರಗಳನ್ನು ನಿಧಾನವಾಗಿ ನೋಡಿ. ಮನೆಯಾಕಾರ ಬಂದದ್ದು ಆಮೇಲೆ: 1850ರ ವಿನ್ಯಾಸ ಸ್ಪರ್ಧೆಗೆ ವಾಸ್ತುಶಿಲ್ಪಿ ಫ್ರೀಡ್ರಿಷ್ ಐಸೆನ್‌ಲೋರ್ ಕಳಿಸಿದ್ದು ರೈಲ್ವೆ ಕಾವಲುಗಾರನ ಮನೆಯ ಮಾದರಿ.

ಊಟಕ್ಕೆ ಹೋಟೆಲಿನಲ್ಲಿ 'ಬಿಬೆಲೆಸ್‌ಕೇಸ್' ಕೇಳಿ. ಹೆಸರು ಕೇಳಿ ಹೆದರಬೇಡಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನಂಥದ್ದು, ಈರುಳ್ಳಿ ಸೊಪ್ಪು ಹಾಕಿ ಕಲಸಿರುತ್ತಾರೆ. ಜೊತೆಗೆ ಹುರಿದ ಆಲೂಗಡ್ಡೆ. ಬಿಸಿ ಆಲೂ, ತಣ್ಣನೆಯ ಮೊಸರು: ಸಸ್ಯಾಹಾರಿಗಳಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುವ ಊಟ. ಆಲೂಗಡ್ಡೆಗೆ ಹಂದಿಮಾಂಸದ ಚೂರು ಹಾಕುವುದುಂಟು. 'ಓನೆ ಷ್ಪೆಕ್' ಎಂದು ಹೇಳಿದರೆ ಅದಿಲ್ಲದೆ ಕೊಡುತ್ತಾರೆ.

ಗಡಿಯಾರ ಕೊಳ್ಳುವಾಗಲೇ ಮೋಸ ಹೋಗುವುದು. ಬ್ಯಾಟರಿಯವಕ್ಕೂ ಅಲಂಕಾರಕ್ಕೆ ಸರಪಳಿ, ಪೈನ್ ಕಾಯಿಯಾಕಾರದ ಗುಂಡು ನೇತುಹಾಕಿರುತ್ತಾರೆ. ಹಿಂಬದಿ ತೆಗೆಸಿ ನೋಡಿ, ಬ್ಲ್ಯಾಕ್ ಫಾರೆಸ್ಟಿನಲ್ಲೇ ತಯಾರಾದ ಯಾಂತ್ರಿಕ ಗಡಿಯಾರ ಎನ್ನುವ 'ಫೌ-ಡೇ-ಎಸ್' (VdS) ಪ್ರಮಾಣಪತ್ರ ಕೇಳಿ. ಸರಪಳಿ ದಿನಾ ಎಳೆಯಬೇಕಾದ್ದಕ್ಕೂ ಎಂಟು ದಿನಕ್ಕೊಮ್ಮೆ ಎಳೆಯುವುದಕ್ಕೂ ಬೆಲೆಯಲ್ಲಿ ಬಹಳ ಅಂತರ.

ಕೊಂಡ ಗಡಿಯಾರವನ್ನು ಪ್ಯಾಕ್ ಮಾಡಿಸುವಾಗ ಎದುರೇ ನಿಂತಿರಿ. ಗುಂಡು ಬಿಚ್ಚುವ ಮೊದಲು ಸರಪಳಿಗೆ ಪೆಟ್ಟಿಗೆಯ ಅಡಿಯಲ್ಲೇ ತಂತಿ ಪೋಣಿಸಬೇಕು. ಇಲ್ಲದಿದ್ದರೆ ಗಡಿಯಾರ ತಲೆಕೆಳಗಾದಾಗ ಸರಪಳಿ ಹಲ್ಲುಚಕ್ರದಿಂದ ಜಾರುತ್ತದೆ. ತಿದಿಗಳಿಗೆ ಹಾಕಿದ ಕ್ಲಿಪ್ಪನ್ನೂ ಹಕ್ಕಿಯ ಬಾಗಿಲ ಕೊಂಡಿಯನ್ನೂ ಮನೆಯಲ್ಲಿ ತೆಗೆಯಲು ಮರೆತರೆ ಕೋಗಿಲೆ ಹೊರಬರುವುದಿಲ್ಲ, ಯಂತ್ರ ಸಿಕ್ಕಿಕೊಳ್ಳಲೂಬಹುದು. ಎರಕದ ಗುಂಡುಗಳು ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ.