ಆನೆ ಹೆಜ್ಜೆಗೆ ಸುತ್ತಿದ ಸುತಳಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಸರಿಯಾಗಿ ಪರೀಕ್ಷೆ ಹತ್ತಿರ ಬಂದಾಗ. ದೇವಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂತಳೆಂದರೆ ಊರಿನಲ್ಲಿ ಪುಸ್ತಕ ಹಿಡಿದವರನ್ನು ಹುಡುಕಬೇಕು. ನಾಟಕ ಕಂಪನಿ, ತೊಟ್ಟಿಲು, ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವರು ಎಲ್ಲರೂ ಬರುತ್ತಿದ್ದರು. ಆದರೆ ಎಂಬತ್ತರ ದಶಕದ ನಮ್ಮಂಥ ಹೈಸ್ಕೂಲು ಹುಡುಗರ ಜಾತ್ರೆ ಶುರುವಾಗುತ್ತಿದ್ದುದು ಸರ್ಕಸ್ಸಿನ ಲಾರಿಗಳು ಊರಿಗೆ ಬಂದ ದಿನ. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಮೊದಲು ನೆನಪಾದದ್ದು ಆನೆ. ಅದರ ಬೆನ್ನಿಗೇ ನಮ್ಮ ವಿಜ್ಞಾನದ ಮಾಸ್ತರು.

ಟಿಕೆಟ್ ಕೊಂಡು ನೋಡಿದ್ದಕ್ಕಿಂತ ಬಿಟ್ಟಿ ನೋಡಿದ್ದೇ ಹೆಚ್ಚು. ಆನೆಗೆ ನಿಜವಾದ ಕೆಲಸ ಇರುತ್ತಿದ್ದುದೂ ಡೇರೆ ಏಳುವುದಕ್ಕೆ ಮೊದಲೇ. ನಡುಗಂಬಗಳನ್ನು ಎಳೆದು ತರಬೇಕು, ಹಗ್ಗ ಜಗ್ಗಿ ನಿಲ್ಲಿಸಬೇಕು, ಸಡಿಲ ಮಣ್ಣಿನಲ್ಲಿ ಹೂತ ಲಾರಿಗೆ ಹಣೆ ಕೊಟ್ಟು ನೂಕಬೇಕು. ಹಗಲೆಲ್ಲ ಹಮಾಲಿ ಮಾಡಿದ ಆ ಜೀವವೇ ಸಂಜೆ ಹಣೆಗೆ ಜರಿಪಟ್ಟಿ ಕಟ್ಟಿಸಿಕೊಂಡು ಸ್ಟೂಲಿನ ಮೇಲೆ ಕೂರುತ್ತಿತ್ತು. ಎಲ್ಲವೂ ಹೆಣ್ಣಾನೆಗಳು, ಗಂಡಿಗೆ ಮದ ಬಂದರೆ ಜನರ ನಡುವೆ ಹಿಡಿದಿಡುವುದು ಯಾರ ಕೈಲಾಗುತ್ತದೆ? ಹೆಸರು ಕೇಳಿದರೆ ಸಾಮಾನ್ಯವಾಗಿ ಲಕ್ಷ್ಮಿ.

ಮಾವುತ ಕೇರಳದ ತಲಶ್ಶೇರಿ ಕಡೆಯವನು. ಆ ಊರಿಗೂ ಸರ್ಕಸ್ಸಿಗೂ ಇರುವ ನಂಟು ನನಗೆ ತಿಳಿದದ್ದು ಬಹಳ ತಡವಾಗಿ. ಮಹಾರಾಷ್ಟ್ರದ ವಿಷ್ಣುಪಂತ ಛತ್ರೆ 1880ರಲ್ಲಿ ನಮ್ಮ ದೇಶದವರದೇ ಆದ ಮೊದಲ ಸರ್ಕಸ್ ಕಂಪನಿ ಕಟ್ಟಿದರು. ಕಸರತ್ತಿನ ಗುರು ಕೀಲೇರಿ ಕುಞಿಕಣ್ಣನ್ 1901ರಲ್ಲಿ ತಲಶ್ಶೇರಿ ಪಕ್ಕದ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ನಮಗೆ ಆಗ ಇದೊಂದೂ ಗೊತ್ತಿರಲಿಲ್ಲ. ಮಾವುತ ‘ಇಡತ್ತಾನೆ, ವಲತ್ತಾನೆ’ ಎಂದು ಕೂಗಿ ಆನೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದನ್ನು ಕಲಿತು, ಡ್ರಿಲ್ ಪೀರಿಯಡ್ಡಿನಲ್ಲಿ ಒಬ್ಬರಿಗೊಬ್ಬರು ಹಾಗೇ ಕೂಗಿಕೊಂಡು ಬೈಸಿಕೊಂಡದ್ದಷ್ಟೇ ನಮ್ಮ ಸಂಶೋಧನೆ.

ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಬಾಳೆದಿಂಡು ತೋಟಗಳಿಂದ ಬರುತ್ತಿತ್ತು, ಬೈನೆ ಸೊಪ್ಪನ್ನು ಹುಡುಗರು ಹೊತ್ತು ತರುತ್ತಿದ್ದರು. ಒಂದು ಹೊರೆ ಸೊಪ್ಪಿಗೆ ಗ್ಯಾಲರಿಯ ಒಂದು ಜಾಗ ಎಂಬುದು ಬಾಯಿಮಾತಿನ ಕರಾರು. ಹೊರೆ ಇಳಿಸುವ ನೆಪದಲ್ಲಿ ತೀರ ಹತ್ತಿರ ಹೋಗಬಹುದಿತ್ತು. ಬೈನೆ ಗರಿಯನ್ನು ಅದು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೊಂಡಿಲಿನಲ್ಲಿ ಎತ್ತಿ, ಮುಂಗಾಲಿಗೆ ಎರಡು ಬಾರಿ ಬಡಿದು ಮಣ್ಣು ಉದುರಿಸಿ, ದಂಟನ್ನು ಕಾಲಡಿ ಒತ್ತಿ ಸೀಳಿ ತಿನ್ನುತ್ತಿತ್ತು. ಬಡಿಯುವ ಆ ಕಾಲಿನಲ್ಲೇ ಸರಪಳಿ ಇದ್ದ ಸುತ್ತ ಕೂದಲಿಲ್ಲದೆ ನುಣ್ಣಗಾದ ಒಂದು ಪಟ್ಟಿ. ಅದು ಕಣ್ಣಿಗೆ ಬಿದ್ದಿತ್ತು. ಅದೇನೆಂದು ಯಾರೂ ಕೇಳಲಿಲ್ಲ.

ಒಂದು ಜಾತ್ರೆಯಲ್ಲಿ ಹಾಜರಿ ತೀರ ಇಳಿದಾಗ ಮಾಸ್ತರು ಬೆತ್ತ ಹಿಡಿಯುವ ಬದಲು ಸುತಳಿ ಹಿಡಿದು ಮೈದಾನಕ್ಕೇ ಬಂದರು. “ಬರೀ ಬಾಯಿ ಬಿಟ್ಕಂಡು ನೋಡ್ತ್ರೇನ್ರೋ? ಅಳೀರಿ!” ಆನೆ ನೀರು ಕುಡಿಯುವ ತೊಟ್ಟಿಯ ಪಕ್ಕದ ಹಸಿಮಣ್ಣಿನಲ್ಲಿ ಮುಂಗಾಲಿನ ಹೆಜ್ಜೆ ರೊಟ್ಟಿ ತಟ್ಟಿಟ್ಟಂತೆ ದುಂಡಗೆ ಮೂಡಿತ್ತು. ಅದರ ಅಂಚಿಗೆ ಸುತಳಿ ಸುತ್ತಿಸಿದರು. ಆ ಅಳತೆಯನ್ನು ಇಮ್ಮಡಿ ಮಾಡಿದರೆ ಭುಜದವರೆಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ ಎಂದರು. ನಮಗೆ ನಂಬಿಕೆ ಬರಲಿಲ್ಲ. ಮಾವುತ ಆನೆಯನ್ನು ಕಂಬದ ಪಕ್ಕ ನಿಲ್ಲಿಸಿ, ಭುಜದ ಮಟ್ಟಕ್ಕೆ ಸುಣ್ಣದ ಗೆರೆ ಎಳೆದು ಕೊಟ್ಟ. ಏಳೂವರೆ ಅಡಿಯ ಆಸುಪಾಸು. ಲೆಕ್ಕಕ್ಕೂ ಗೆರೆಗೂ ನಾಲ್ಕು ಬೆರಳಿನ ಅಂತರ. ಕಾಡಿನವರು ಹೆಜ್ಜೆ ನೋಡಿಯೇ ಆನೆಯ ಗಾತ್ರ ಹೇಳುವುದು ಹೀಗೇ ಎಂದು ಮಾಸ್ತರು ವಿವರಿಸಿದರು. ಈಗಲೂ ಮುಂಡಗೋಡ ಕಡೆ ಭತ್ತದ ಗದ್ದೆಗೆ ಕಾಡಾನೆ ನುಗ್ಗಿದ ಸುದ್ದಿ ಓದಿದರೆ ನನಗೆ ಸುತಳಿಯ ನೆನಪಾಗುತ್ತದೆ.

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು ತೊಂಬತ್ತಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಅಲ್ಲಿಂದ ಮುಂದೆ ಹಿರಿಯರು ಡೇರೆಯೊಳಗೆ ಕಾಲಿಟ್ಟೊಡನೆ ಹೊರಹೋಗುವ ದಾರಿ ನೋಡಿಕೊಂಡೇ ಕೂರುತ್ತಿದ್ದರು. ಹಾಗೆ ಬಿಗಿಯಾಗಿ ಕೂತವರೂ ಆನೆ ಬಂದು ಶಿವಲಿಂಗಕ್ಕೆ ನೀರೆರೆದು ಗಂಟೆ ಬಾರಿಸಿದರೆ ಎದ್ದು ಕೈಮುಗಿಯುತ್ತಿದ್ದರು. ಅಂಕುಶ ಹಿಡಿದವನು ಎರಡು ಹೆಜ್ಜೆ ಹಿಂದೆ ನಿಂತಿರುತ್ತಿದ್ದ. ಅವನನ್ನು ನೋಡಿದವರು ಕಡಿಮೆ.

ಸರ್ಕಸ್ಸಿನಲ್ಲೇ ಹುಟ್ಟಿದ ಆನೆ ಅಪರೂಪ. ಹೆಚ್ಚಿನವು ಕಾಡಿನಿಂದ ಹಿಡಿದು ತಂದವು. ನಮ್ಮ ರಾಜ್ಯದ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ, ನಡೆದದ್ದು 1971ರಲ್ಲಿ. ಕೇಂದ್ರ ಸರ್ಕಾರದ 1998ರ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನ ನಿಲ್ಲಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ಸರ್ಕಸ್ಸಿನ ಹುಲಿ ಸಿಂಹಗಳು ಬನ್ನೇರುಘಟ್ಟದಂಥ ಕಡೆ ನೆಲೆ ಕಂಡರೂ ಆನೆ ಮಾತ್ರ ಕಂಬ ಎಳೆಯುತ್ತಲೇ ಉಳಿಯಿತು. ಮೃಗಾಲಯ, ಸರ್ಕಸ್ಸುಗಳ ಆನೆಗಳನ್ನು ಶಿಬಿರಗಳಿಗೆ ಸಾಗಿಸಿ ಎಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಹೇಳಿದ್ದು 2009ರಲ್ಲಿ. ದೇವರ ಪ್ರಾಣಿ ಎಂಬ ಗೌರವವೇ ಅದಕ್ಕೆ ಮುಳುವಾಯಿತೇನೋ ಎಂಬ ಗುಮಾನಿ ನನಗೆ. ಪೂಜೆ ಮಾಡುವ ಆನೆಗೆ ಕಷ್ಟವಿದೆ ಎಂದು ಗ್ಯಾಲರಿಗೆ ಅನಿಸುವುದು ಹೇಗೆ?

ಜಾತ್ರೆಯ ಚರಿತ್ರೆ ಹೇಳುವವರು ತೇರಿನ ಬಗ್ಗೆ ಹೇಳುತ್ತಾರೆ, ಜಾತ್ರೆಯ ಸೇವೆಗಳನ್ನು ವಂಶಪಾರಂಪರ್ಯವಾಗಿ ನಡೆಸುವ ಬಾಬುದಾರರ ಬಗ್ಗೆ ಹೇಳುತ್ತಾರೆ. ಡೇರೆ ನಿಲ್ಲಿಸಿದ ಆನೆಗಳ ಸಾಲು ಅದರಲ್ಲಿಲ್ಲ. ಹಾಗಾಗಿ ಒಂದು ಕೋರಿಕೆ. ಕೋಟೆಕೆರೆಯ ಕಡೆ ಆನೆಗಳು ನಡೆದು ಹೋದದ್ದನ್ನು ಯಾರಾದರೂ ಫೋಟೋ ತೆಗೆದಿದ್ದರೆ, ಹಳೆಯ ಟಿಕೆಟ್ಟೋ ಕರಪತ್ರವೋ ಟ್ರಂಕಿನ ತಳದಲ್ಲಿ ಉಳಿದಿದ್ದರೆ ಶಾಲೆಗೆ ತಲುಪಿಸಿ. ಹಿಂಬದಿಯಲ್ಲಿ ಇಸವಿ ಬರೆದಿರಲಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಮುಂಬದಿಗೆ ಇಳಿಯುತ್ತದೆ.